ಕೊನೆ ಗೊತ್ತಿದ್ದೂ ಕಾಯುವ ಪ್ರೇಕ್ಷಕ: ತುಮಕೂರು ಸೀಮೆಯಲ್ಲಿ ‘ಕುರುಕ್ಷೇತ್ರ’ದ ಅಂತ್ಯ

ತುಮಕೂರು, ಗುಬ್ಬಿ ಹಾಗೂ ಕುಣಿಗಲ್ ತಾಲ್ಲೂಕುಗಳಲ್ಲಿ ಸುಗ್ಗಿ ಮುಗಿದು ಜಾತ್ರೆಗಳ ಕಾಲ ಬಂತೆಂದರೆ ಬಸ್ ನಿಲ್ದಾಣದ ಗೋಡೆಗಳ ಮೇಲೆ ‘ಕುರುಕ್ಷೇತ್ರ ಅಥವಾ ಧರ್ಮರಾಜ್ಯ ಸ್ಥಾಪನೆ’ ಎಂಬ ಪೌರಾಣಿಕ ನಾಟಕದ ಭಿತ್ತಿಪತ್ರಗಳು ಕಾಣಿಸಿಕೊಳ್ಳುತ್ತವೆ. ಕಥೆಯ ಕೊನೆ ಏನೆಂಬುದನ್ನು ಶೀರ್ಷಿಕೆಯೇ ಹೇಳಿಬಿಡುತ್ತದೆ. ಕೌರವರು ಸೋಲುತ್ತಾರೆ, ಪಾಂಡವರು ಗೆಲ್ಲುತ್ತಾರೆ, ಧರ್ಮರಾಯನಿಗೆ ಪಟ್ಟವಾಗುತ್ತದೆ. ಇದು ಗೊತ್ತಿಲ್ಲದ ಒಬ್ಬ ಪ್ರೇಕ್ಷಕನೂ ಆ ಬಯಲಿನಲ್ಲಿ ಸಿಗಲಾರ. ಆದರೂ ಚಾಪೆ, ಕಂಬಳಿಗಳೊಡನೆ ಬಂದು ಬೆಳಗಿನ ಜಾವದವರೆಗೆ ಕೂರುವ ಜನರಿದ್ದಾರೆ. ಅವರ ಪೈಕಿ ಬಹುಪಾಲು ಮಂದಿ ಕಾಯುವುದು ಧರ್ಮರಾಜ್ಯದ ಸ್ಥಾಪನೆಗಲ್ಲ. ವೈಶಂಪಾಯನ ಸರೋವರದಿಂದ ಎದ್ದು ಬಂದು ತೊಡೆ ಮುರಿದುಕೊಂಡು ಬೀಳುವ ದುರ್ಯೋಧನನಿಗಾಗಿ.

ಪ್ರಿಯವಾದ ಕಥೆಯೊಂದು ಮುಗಿದಾಗ ಅಭಿಮಾನಿಗಳು ಸಿಟ್ಟಾಗುವುದು ಹೊಸತಲ್ಲ. 2019ರ ಮೇ ತಿಂಗಳಲ್ಲಿ ‘ಗೇಮ್ ಆಫ್ ಥ್ರೋನ್ಸ್’ ಎಂಬ ಇಂಗ್ಲಿಷ್ ಕಲ್ಪನಾಲೋಕದ ಧಾರಾವಾಹಿ ಮುಗಿದಾಗ, ಕೊನೆಯ ಭಾಗವನ್ನು ಮತ್ತೆ ಚಿತ್ರೀಕರಿಸಬೇಕೆಂದು 15 ಲಕ್ಷಕ್ಕೂ ಹೆಚ್ಚು ಜನ ಮನವಿಗೆ ಸಹಿ ಹಾಕಿದ್ದರು. ಅಲ್ಲಿದ್ದದ್ದು ಕೊನೆ ಹೀಗಾಗಬಾರದಿತ್ತೆಂಬ ದೂರು. ಮಹಾಭಾರತ, ರಾಮಾಯಣಗಳ ಪ್ರೇಕ್ಷಕನಿಗೆ ಆ ಸ್ವಾತಂತ್ರ್ಯವಿಲ್ಲ. ದುರ್ಯೋಧನ ಬದುಕಬೇಕೆಂದು ಯಾರೂ ಅರ್ಜಿ ಹಾಕುವಂತಿಲ್ಲ. ಆತ ತಕರಾರು ತೆಗೆಯುವುದು ಬೇರೆ ಎರಡು ವಿಷಯಗಳಲ್ಲಿ: ಕಥೆಯನ್ನು ಎಲ್ಲಿ ನಿಲ್ಲಿಸಬೇಕು, ಕೊನೆಯ ಮಾತನ್ನು ಯಾರಿಗೆ ಕೊಡಬೇಕು. ತುಮಕೂರು ಸೀಮೆಯ ಪ್ರೇಕ್ಷಕ ಎರಡನೆಯ ಪ್ರಶ್ನೆಗೆ ತನ್ನದೇ ಉತ್ತರವನ್ನು ಬಹಳ ಹಿಂದೆಯೇ ಕೊಟ್ಟುಕೊಂಡಿದ್ದಾನೆ.

ಪಟ್ಟಾಭಿಷೇಕಕ್ಕೇ ನಿಲ್ಲಿಸಿದ್ದಕ್ಕೆ ಮುಷ್ಕರ

ಮೊದಲ ಪ್ರಶ್ನೆ ಬೀದಿಗೆ ಬಂದದ್ದು 1988ರಲ್ಲಿ. ರಮಾನಂದ ಸಾಗರ್ ಅವರ ‘ರಾಮಾಯಣ’ 1987ರ ಜನವರಿ 25ರಿಂದ ಪ್ರತಿ ಭಾನುವಾರ ಬೆಳಿಗ್ಗೆ ದೂರದರ್ಶನದಲ್ಲಿ ಪ್ರಸಾರವಾಗುತ್ತಿತ್ತು. ಹಿಂದಿ ಅರ್ಥವಾಗದ ಮನೆಗಳಲ್ಲಿಯೂ ಟಿ.ವಿ.ಗೆ ಹೂವು ಮುಡಿಸಿ, ಊದುಬತ್ತಿ ಹಚ್ಚಿ ನೋಡಿದ ದಿನಗಳವು. ಟಿ.ವಿ. ಇದ್ದ ಮನೆಯ ನಡುಮನೆ ಓಣಿಯವರಿಗೆಲ್ಲ ತೆರೆದಿರುತ್ತಿತ್ತು.

1988ರ ಜುಲೈ 31ರಂದು ರಾಮನ ಪಟ್ಟಾಭಿಷೇಕದೊಡನೆ ಧಾರಾವಾಹಿ ಮುಗಿಯಿತು. ಆದರೆ ಅದು ಹಾಗೆ ಮುಗಿಯಲಿದೆ ಎಂದು ತಿಳಿದಾಗಲೇ ಪಂಜಾಬಿನ ಜಲಂಧರ್ ಮುಂತಾದ ನಗರಗಳಲ್ಲಿ ಪೌರ ಕಾರ್ಮಿಕರು ಮುಷ್ಕರ ಹೂಡಿದ್ದರು. ಮಹರ್ಷಿ ವಾಲ್ಮೀಕಿಯನ್ನು ಕುಲಗುರುವೆಂದು ಪೂಜಿಸುವ ಸಮುದಾಯ ಅವರದು. ಉತ್ತರಕಾಂಡವಿಲ್ಲದಿದ್ದರೆ ಸೀತೆಗೆ ಆಶ್ರಯ ಕೊಟ್ಟ, ಲವಕುಶರನ್ನು ಸಾಕಿದ ವಾಲ್ಮೀಕಿಯೇ ಕಥೆಯಲ್ಲಿ ಕಾಣಿಸುವುದಿಲ್ಲವೆಂಬುದು ಅವರ ವಾದವಾಗಿತ್ತು. ಬೀದಿಗಳಲ್ಲಿ ಕಸ ಬೆಳೆಯಿತು, ಮುಷ್ಕರ ಉತ್ತರ ಭಾರತದ ಇತರ ನಗರಗಳಿಗೂ ಹಬ್ಬಿತು. ಕೊನೆಗೆ ಸರ್ಕಾರ ಮಣಿಯಬೇಕಾಯಿತು. 1988–89ರಲ್ಲಿ ಸೀತಾ ಪರಿತ್ಯಾಗ, ಲವಕುಶರ ಕಥೆಯನ್ನೊಳಗೊಂಡ ಉತ್ತರ ರಾಮಾಯಣ ಪ್ರತ್ಯೇಕ ಧಾರಾವಾಹಿಯಾಗಿ ತೆರೆಗೆ ಬಂತು. ಕಥೆಯ ಅಂತ್ಯವೆಂಬುದು ಬರೀ ಅಭಿರುಚಿಯ ಪ್ರಶ್ನೆಯಲ್ಲ. ಅದರಿಂದ ಯಾರು ಹೊರಗುಳಿಯುತ್ತಾರೆ ಎಂಬ ಪ್ರಶ್ನೆಯೂ ಹೌದೆಂದು ದೇಶಕ್ಕೆ ಅಷ್ಟು ಸ್ಪಷ್ಟವಾಗಿ ತೋರಿಸಿಕೊಟ್ಟ ಮತ್ತೊಂದು ಪ್ರಸಂಗ ದೂರದರ್ಶನದ ಇತಿಹಾಸದಲ್ಲಿಲ್ಲ.

ಕನ್ನಡ ನಾಡಿನ ಓದುಗ ಈ ‘ಮುಂದುವರಿದ ಭಾಗ’ಕ್ಕೆ ಸರ್ಕಾರವನ್ನು ಕೇಳಬೇಕಾಗಿರಲಿಲ್ಲ. ದೇವನೂರಿನ ಲಕ್ಷ್ಮೀಶನ ‘ಜೈಮಿನಿ ಭಾರತ’ ಯುದ್ಧ ಮುಗಿದ ನಂತರದ ಅಶ್ವಮೇಧದ ಕಥೆ. ಅದರೊಳಗೆ ಸೀತಾ ಪರಿತ್ಯಾಗವೂ ಲವಕುಶರೂ ಬರುತ್ತಾರೆ. ದೇವಸ್ಥಾನದ ಜಗುಲಿಯಲ್ಲಿ ಒಬ್ಬರು ವಾಚಿಸಿ ಮತ್ತೊಬ್ಬರು ಅರ್ಥ ಹೇಳುವ ರೂಢಿಯಿದ್ದ ಕಾಲದಲ್ಲಿ ಅತಿ ಹೆಚ್ಚು ಓದಿಸಿಕೊಂಡ ಕಾವ್ಯಗಳಲ್ಲಿ ಅದೂ ಒಂದು.

ಮೂವರು ಕವಿಗಳು, ಮೂರು ಪಟ್ಟಾಭಿಷೇಕ

ಭಾರತದ ಅಂತ್ಯವನ್ನು ಮುಟ್ಟಬಾರದೆಂಬ ಭಾವನೆ ಹಳಗನ್ನಡದ ಕವಿಗಳಿಗೇ ಇರಲಿಲ್ಲವೆಂಬುದು ಇಲ್ಲಿ ಗಮನಾರ್ಹ. ಕ್ರಿ.ಶ. 941ರ ಸುಮಾರಿಗೆ ರಚಿತವಾದ ಪಂಪನ ‘ವಿಕ್ರಮಾರ್ಜುನ ವಿಜಯ’ದಲ್ಲಿ ಯುದ್ಧಾನಂತರ ಪಟ್ಟವೇರುವವನು ಅರ್ಜುನ, ಆತನ ಪಕ್ಕದಲ್ಲಿ ಕೂರುವವಳು ಸುಭದ್ರೆ. ಆಶ್ರಯದಾತನಾದ ಅರಿಕೇಸರಿಯನ್ನು ಅರ್ಜುನನೊಡನೆ ಸಮೀಕರಿಸಿದ ಕವಿಗೆ ಅದು ಅನಿವಾರ್ಯವಾಗಿತ್ತು. ಅದೇ ಶತಮಾನದ ಕೊನೆಯಲ್ಲಿ ‘ಸಾಹಸಭೀಮ ವಿಜಯ’ ಅಥವಾ ‘ಗದಾಯುದ್ಧ’ವನ್ನು ಬರೆದ ರನ್ನ, ಚಾಲುಕ್ಯ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿದ. ಅಲ್ಲಿ ಪಟ್ಟ ಭೀಮನಿಗೆ, ಪಟ್ಟಮಹಿಷಿ ದ್ರೌಪದಿ. ಗದುಗಿನ ಕುಮಾರವ್ಯಾಸ ಧರ್ಮರಾಯನಿಗೇ ಪಟ್ಟ ಕಟ್ಟಿದ. ಆದರೆ ಹದಿನೆಂಟು ಪರ್ವಗಳ ಪೈಕಿ ಹತ್ತನ್ನು ಮಾತ್ರ ಹೇಳಿ ಗದಾಪರ್ವಕ್ಕೆ ಕಾವ್ಯ ನಿಲ್ಲಿಸಿದ. ಹಾಗೆ ನಿಂತದ್ದು ಎಲ್ಲರಿಗೂ ಒಪ್ಪಿಗೆಯಾಗಲಿಲ್ಲವೆಂಬುದಕ್ಕೆ ಸಾಕ್ಷಿ ವಿಜಯನಗರದಲ್ಲಿದೆ. ಉಳಿದ ಎಂಟು ಪರ್ವಗಳನ್ನು ಕೃಷ್ಣದೇವರಾಯನ ಆಶ್ರಯದಲ್ಲಿದ್ದ ತಿಮ್ಮಣ್ಣ ಕವಿ ಕನ್ನಡಿಸಿ ಪೂರೈಸಿದ. ಅದು ‘ಕೃಷ್ಣರಾಯ ಭಾರತ’ವೆಂದು ಹೆಸರಾಯಿತು. ಆದರೂ ಜನ ಇಂದಿಗೂ ಹಾಡುವುದು ಕುಮಾರವ್ಯಾಸನ ಹತ್ತನ್ನೇ.

ಪಟ್ಟ ಯಾರಿಗಾದರೂ ಆಗಲಿ, ಓದುಗನ ಮನಸ್ಸು ನಿಂತದ್ದು ಸೋತವನ ಬಳಿ. ಅರ್ಜುನನನ್ನು ನಾಯಕನನ್ನಾಗಿ ಮಾಡಿಕೊಂಡ ಪಂಪನೇ ಕಾವ್ಯದ ಕೊನೆಯಲ್ಲಿ, ಯಾರ್ಯಾರಿಂದ ಭಾರತ ಲೋಕಪೂಜ್ಯವಾಯಿತೆಂದು ಎಣಿಸುವಾಗ ಛಲಕ್ಕೆ ದುರ್ಯೋಧನನನ್ನೂ ಸತ್ಯಕ್ಕೆ ಕರ್ಣನನ್ನೂ ಹೆಸರಿಸುತ್ತಾನೆ. ರನ್ನನಲ್ಲಂತೂ ಭೀಮನ ಹೆಸರಿನ ಕಾವ್ಯವನ್ನು ದುರ್ಯೋಧನ ತನ್ನದನ್ನಾಗಿ ಮಾಡಿಕೊಂಡುಬಿಡುತ್ತಾನೆ. ಸಂಜಯನ ಜೊತೆ ರಣರಂಗದಲ್ಲಿ ನಡೆಯುತ್ತ ದ್ರೋಣ, ದುಶ್ಶಾಸನ, ಮಗ ಲಕ್ಷಣಕುಮಾರ, ಗೆಳೆಯ ಕರ್ಣ ಇವರ ಹೆಣಗಳ ಮುಂದೆ ಒಂದೊಂದಾಗಿ ನಿಂತು ಅಳುವ ದೊರೆ ಓದುಗನ ನೆನಪಿನಲ್ಲಿ ಉಳಿದಷ್ಟು ಸತ್ಯಾಶ್ರಯ ಉಳಿದಿಲ್ಲ.

ಸಂಪಿಗೆ, ಬೆಳ್ಳಾವಿ, ಗುಬ್ಬಿ

ಈ ಪಕ್ಷಪಾತಕ್ಕೆ ಆಧುನಿಕ ರಂಗಭೂಮಿಯಲ್ಲಿ ರೂಪ ಕೊಟ್ಟವರಲ್ಲಿ ತುಮಕೂರು ಜಿಲ್ಲೆಯ ನಂಟಿರುವವರು ಹೆಚ್ಚೆಂಬುದು ಆಕಸ್ಮಿಕವಿರಬಹುದು, ಆದರೆ ದಾಖಲಿಸಬೇಕಾದ ಸಂಗತಿ. ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ 1884ರ ಜನವರಿ 3ರಂದು ಹುಟ್ಟಿದ ಬಿ.ಎಂ. ಶ್ರೀಕಂಠಯ್ಯನವರು 1926ರಲ್ಲಿ ರನ್ನನ ಕಾವ್ಯವನ್ನು ‘ಗದಾಯುದ್ಧ ನಾಟಕಂ’ ಎಂಬ ದುರಂತ ನಾಟಕವಾಗಿ ಹೊಂದಿಸಿದರು. ಸಂಸ್ಕೃತ ನಾಟಕ ಪರಂಪರೆ ಸಾಮಾನ್ಯವಾಗಿ ಸುಖಾಂತವನ್ನು ಬಯಸುತ್ತದೆ. ಭಾಸನ ‘ಊರುಭಂಗ’ ಅದಕ್ಕೊಂದು ಅಪರೂಪದ ಅಪವಾದ. ಅಲ್ಲಿ ದುರ್ಯೋಧನ ರಂಗದ ಮೇಲೆಯೇ ಪ್ರಾಣ ಬಿಡುತ್ತಾನೆ. ಬಿ.ಎಂ.ಶ್ರೀ ನೋಡಿದ್ದು ಗ್ರೀಕರ ಕಡೆಗೆ. ಸೊಫೊಕ್ಲಿಸನ ಏಜಾಕ್ಸ್ ಕಥೆ ಅವರ ಕೈಯಲ್ಲಿ ‘ಅಶ್ವತ್ಥಾಮನ್’ (1929) ಆಯಿತು. ಈಸ್ಕಿಲಸನ ನಾಟಕವನ್ನು ‘ಪಾರಸಿಕರು’ (1935) ಎಂದು ಕನ್ನಡಕ್ಕೆ ತಂದರು. ಮೂರೂ ಸೋತವರ ಮನೆಯ ಕಥೆಗಳೇ.

ತುಮಕೂರು ತಾಲ್ಲೂಕಿನ ಬೆಳ್ಳಾವಿಯ ನರಹರಿ ಶಾಸ್ತ್ರಿಗಳು ಗುಬ್ಬಿ ಕಂಪನಿಗೆ ನಾಟಕಗಳನ್ನು ಬರೆದುಕೊಟ್ಟವರು. 1934ರ ಮಾರ್ಚ್‌ನಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ಕ್ಕೆ ಸಂಭಾಷಣೆ, ಹಾಡುಗಳನ್ನು ಬರೆದವರೂ ಅವರೇ. ಸುಲೋಚನೆ ಇಂದ್ರಜಿತುವಿನ ಹೆಂಡತಿ. ಕನ್ನಡ ಚಿತ್ರರಂಗ ಮಾತು ಕಲಿತದ್ದೇ ರಾಮಾಯಣದಲ್ಲಿ ಸೋತ ಪಕ್ಷದ ಒಬ್ಬ ವಿಧವೆಯ ಕಥೆಯಿಂದ.

ಅದೇ 1934ರಲ್ಲಿ ಗುಬ್ಬಿ ವೀರಣ್ಣನವರ ಕಂಪನಿ ‘ಕುರುಕ್ಷೇತ್ರ’ವನ್ನು ರಂಗಕ್ಕೆ ತಂದಿತು. ನಾಟಕ ಬಿ. ಪುಟ್ಟಸ್ವಾಮಯ್ಯನವರದು. ಆನೆ, ಕುದುರೆಗಳು ನಿಜವಾಗಿಯೇ ರಂಗದ ಮೇಲೆ ಬಂದ ಆ ಪ್ರದರ್ಶನ ವೃತ್ತಿರಂಗಭೂಮಿಯ ಚರಿತ್ರೆಯಲ್ಲಿ ಇಂದಿಗೂ ಮಾತಿನ ವಿಷಯ. ಗುಬ್ಬಿಯಲ್ಲಿ 1884ರಲ್ಲಿ ಸ್ಥಾಪನೆಯಾದ ಚನ್ನಬಸವೇಶ್ವರ ನಾಟಕ ಸಂಘಕ್ಕೆ ಬಾಲಕನಾಗಿ ಸೇರಿ, ಮುಂದೆ ಅದರ ಒಡೆಯರಾದ ವೀರಣ್ಣನವರು 1972ರಲ್ಲಿ ನಿಧನರಾದರು. ದೊಡ್ಡ ಕಂಪನಿಗಳ ಕಾಲ ಅದಾಗಲೇ ಇಳಿಮುಖವಾಗಿತ್ತು. ಆದರೆ ಅವು ಬಿಟ್ಟುಹೋದ ಪರದೆ, ಹಾರ್ಮೋನಿಯಂ, ಮಟ್ಟುಗಳು ಮತ್ತು ಕಂದಪದ್ಯ ಎತ್ತಿ ಹಾಡುವ ಶೈಲಿ ಸುತ್ತಲಿನ ಹಳ್ಳಿಗಳಲ್ಲಿ ನೆಲೆಯೂರಿದವು. ಇಂದು ಈ ಸೀಮೆಯ ಬಯಲುಗಳಲ್ಲಿ ನಡೆಯುವ ‘ಕುರುಕ್ಷೇತ್ರ’ ಆ ವೃತ್ತಿರಂಗಭೂಮಿಯ ಸಂತಾನ.

ದುಡ್ಡು ಕೊಟ್ಟು ಸಾಯುವ ಪಾತ್ರ

ಹಳ್ಳಿಯ ಪೌರಾಣಿಕ ನಾಟಕದಲ್ಲಿ ನಟನಿಗೆ ಸಂಭಾವನೆಯಿಲ್ಲ. ಪಾತ್ರ ಬೇಕಾದವನೇ ಹಣ ಕೊಡಬೇಕು. ಸೀನರಿ, ವಸ್ತ್ರಾಲಂಕಾರ, ಧ್ವನಿವರ್ಧಕ, ದೀಪ, ಹಾರ್ಮೋನಿಯಂ ಮೇಷ್ಟ್ರ ಸಂಭಾವನೆ, ದ್ರೌಪದಿ, ಉತ್ತರೆ, ರುಕ್ಮಿಣಿಯರಾಗಿ ಹೊರಗಿನಿಂದ ಬರುವ ವೃತ್ತಿ ಕಲಾವಿದೆಯರ ಸಂಭಾವನೆ, ಇವೆಲ್ಲವೂ ಆ ಹಣದಿಂದಲೇ ಹೊರಡಬೇಕು. ಹಾಗಾಗಿ ಪ್ರತಿ ಪಾತ್ರಕ್ಕೂ ಒಂದು ಬೆಲೆಯಿರುತ್ತದೆ. ಸೈನಿಕ, ದೂತರ ಪಾತ್ರಕ್ಕೆ ಕಡಿಮೆ. ಶ್ರೀಕೃಷ್ಣ, ದುರ್ಯೋಧನರಿಗೆ ಹೆಚ್ಚು. ಬೇಡಿಕೆ ತೀರಾ ಜಾಸ್ತಿಯಾದಾಗ ಒಂದೇ ಪಾತ್ರವನ್ನು ಎರಡು ಮೂರು ಭಾಗ ಮಾಡಿ ಹಂಚುತ್ತಾರೆ. ಸಂಧಾನಕ್ಕೆ ಹೋಗುವ ಕೃಷ್ಣ ಒಬ್ಬ, ಗೀತೆ ಹೇಳುವ ಕೃಷ್ಣ ಮತ್ತೊಬ್ಬ. ರೈತ, ಅಂಗಡಿಕಾರ, ಶಿಕ್ಷಕ, ಬಸ್ ಚಾಲಕ, ವಕೀಲ, ಯಾರು ಬೇಕಾದರೂ ದೊರೆಯಾಗಬಹುದಾದ ರಾತ್ರಿಯದು.

ಹೀಗೆ ದುಡ್ಡು ಕೊಟ್ಟು ಸೋಲುವವನಾಗಲು ಪೈಪೋಟಿ ನಡೆಯುವುದು ಏಕೆ? ಮೊದಲ ಕಾರಣ ರಂಗದ್ದೇ. ದುರ್ಯೋಧನನಿಗೆ ಒಡ್ಡೋಲಗವಿದೆ, ಕಿರೀಟವಿದೆ, ಗದೆಯಿದೆ, ಗಂಟಲಿದ್ದವನಿಗೆ ಹಾಡುಗಳಿವೆ. ನಾಟಕದ ಉದ್ದಕ್ಕೂ ಬಂದು ಹೋಗುತ್ತಾನೆ. ಧರ್ಮರಾಯನಿಗೆ ಇರುವುದು ಸಹನೆ ಮಾತ್ರ. ಸಹನೆಯನ್ನು ಬಯಲಿನ ಕೊನೆಯ ಸಾಲಿನವರೆಗೆ ಮುಟ್ಟಿಸುವುದು ಕಷ್ಟದ ಕೆಲಸ.

ಎರಡನೆಯ ಕಾರಣ ಕಥೆಯೊಳಗಿನದು. ಹಳ್ಳಿಯ ‘ಕುರುಕ್ಷೇತ್ರ’ದ ಶಕುನಿ ವ್ಯಾಸರ ಶಕುನಿಯಲ್ಲ. ಕೌರವರ ಸೆರೆಮನೆಯಲ್ಲಿ ಅನ್ನವಿಲ್ಲದೆ ಸತ್ತ ತನ್ನವರ ಸೇಡಿಗಾಗಿ, ಅವರ ಮೂಳೆಯಿಂದಲೇ ದಾಳ ಮಾಡಿಕೊಂಡು, ಕೌರವ ಕುಲವನ್ನೇ ನಾಶ ಮಾಡಲು ಒಳಗೆ ಸೇರಿಕೊಂಡವನು ಅವನು. ದಕ್ಷಿಣದ ಜನಪದದಲ್ಲಿ ಹಬ್ಬಿರುವ ಈ ಕಥೆ ಮೂಲ ಸಂಸ್ಕೃತ ಭಾರತದಲ್ಲಿಲ್ಲ. ಇದನ್ನು ಒಪ್ಪಿಕೊಂಡ ಕ್ಷಣ ದುರ್ಯೋಧನನ ತೂಕ ಬದಲಾಗಿಬಿಡುತ್ತದೆ. ಕೆಡುಕಿನ ಮೂಲ ಅವನಲ್ಲ. ನಂಬಿದ ಮಾವನಿಂದಲೇ ಮೋಸ ಹೋದವನು. ಶಕುನಿ ದಾಳಗಳೊಡನೆ ಒಬ್ಬನೇ ನಿಂತು ಮಾತಾಡುವ ದೃಶ್ಯವನ್ನು ಪ್ರೇಕ್ಷಕ ಶಿಳ್ಳೆ ಹೊಡೆದು ಸವಿಯುತ್ತಾನೆ, ದುರ್ಯೋಧನನಿಗೆ ಗೊತ್ತಿಲ್ಲದ್ದು ತನಗೆ ಗೊತ್ತಾಯಿತೆಂದು ಮರುಗುತ್ತಾನೆ. ಸೂತಪುತ್ರನೆಂದು ಎಲ್ಲರೂ ಹಳಿದ ಕರ್ಣನಿಗೆ ಅಂಗರಾಜ್ಯ ಕೊಟ್ಟವನು ಇವನೇ ಎಂಬುದು ಮತ್ತೊಂದು ಎಳೆ. ಜಾತಿ ಕೇಳದೆ ಗೆಳೆತನ ಮಾಡಿದ ದೊರೆಯನ್ನು ಸುಲಭವಾಗಿ ದ್ವೇಷಿಸಲು ಬಯಲಿನಲ್ಲಿ ಕೂತ ಜನರಿಗೆ ಆಗುವುದಿಲ್ಲ.

ಗದಾಯುದ್ಧದಲ್ಲಿ ಭೀಮ ತೊಡೆಗೆ ಹೊಡೆಯುವುದು ಯುದ್ಧನಿಯಮಕ್ಕೆ ವಿರುದ್ಧ, ಅದಕ್ಕೆ ಸನ್ನೆ ಮಾಡಿದವನು ಕೃಷ್ಣ. ಪ್ರೇಕ್ಷಕನ ನಿಲುವು ಇಲ್ಲಿ ಬಹಳ ಕುತೂಹಲಕರ. ಕೃಷ್ಣ ರಂಗಪ್ರವೇಶ ಮಾಡಿದಾಗ ಕೈಮುಗಿದವನೇ ಈಗ ಬಿದ್ದ ದುರ್ಯೋಧನನ ಕೊನೆಯ ಪದ್ಯಕ್ಕೆ ‘ಒನ್ಸ್ ಮೋರ್’ ಕೂಗುತ್ತಾನೆ. ತೊಡೆ ಮುರಿದವನು ಎದ್ದು ಕುಳಿತು ಮತ್ತೊಮ್ಮೆ ಹಾಡಿ ಮತ್ತೊಮ್ಮೆ ಬೀಳುತ್ತಾನೆ. ನಗರದ ವಿಮರ್ಶಕರಿಗೆ ಇದು ಅಭಾಸವಾಗಿ ಕಂಡಿದೆ. ಆದರೆ ಸಾವನ್ನು ತಪ್ಪಿಸಲಾಗದ ಅಭಿಮಾನಿ ಅದನ್ನು ಐದು ನಿಮಿಷ ಮುಂದೂಡುವ ಉಪಾಯವೆಂದು ನೋಡಿದರೆ ಅದರಲ್ಲಿ ನಗುವಂಥದ್ದೇನೂ ಇಲ್ಲ.

ಅದಾದ ಮೇಲೆ ಪಟ್ಟಾಭಿಷೇಕ. ಹೆಣದ ಮೇಲೆ ಪರದೆ ಬೀಳುವಂತಿಲ್ಲ, ಮಂಗಳ ಹಾಡದೆ ನಾಟಕ ಮುಗಿಯುವಂತಿಲ್ಲ. ಶೀರ್ಷಿಕೆಯಲ್ಲಿ ಹೆಸರಿರುವ ಧರ್ಮರಾಜ್ಯ ಸ್ಥಾಪನೆ ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ಅಷ್ಟರಲ್ಲಿ ಬಯಲಿನಲ್ಲಿ ಚಾಪೆ ಸುತ್ತುವ ಸದ್ದು ಕೇಳುತ್ತಿರುತ್ತದೆ.

ಬೆಳ್ಳಿತೆರೆ, ಕಿರುತೆರೆ

ಹಳ್ಳಿಗಳಿಗೆ ಗೊತ್ತಿದ್ದ ಈ ಸತ್ಯವನ್ನು ಚಿತ್ರರಂಗ 2019ರಲ್ಲಿ ದೊಡ್ಡ ಪ್ರಮಾಣದಲ್ಲಿ ಬಳಸಿಕೊಂಡಿತು. ಆ ವರ್ಷದ ಆಗಸ್ಟ್ 9ರಂದು ಬಿಡುಗಡೆಯಾದ ನಾಗಣ್ಣ ನಿರ್ದೇಶನದ ‘ಕುರುಕ್ಷೇತ್ರ’ದಲ್ಲಿ ನಾಯಕನಟ ದರ್ಶನ್ ವಹಿಸಿದ್ದು ದುರ್ಯೋಧನನ ಪಾತ್ರವನ್ನು. ಕೃಷ್ಣನಾಗಿ ರವಿಚಂದ್ರನ್, ಕರ್ಣನಾಗಿ ಅರ್ಜುನ್ ಸರ್ಜಾ, ಭೀಷ್ಮನಾಗಿ ಅಂಬರೀಷ್ ಇದ್ದರು. ಚಿತ್ರ ತೆರೆಗೆ ಬರುವ ಮೊದಲೇ, 2018ರ ನವೆಂಬರ್‌ನಲ್ಲಿ ಅಂಬರೀಷ್ ತೀರಿಕೊಂಡಿದ್ದರು. ರನ್ನನ ‘ಗದಾಯುದ್ಧ’ವೇ ಚಿತ್ರದ ಆಧಾರವೆಂದು ಹೇಳಲಾಗಿತ್ತು. ನಾಯಕ ಸಾಯುವ ಚಿತ್ರವನ್ನು ಅಭಿಮಾನಿಗಳು ಒಪ್ಪುವುದಿಲ್ಲವೆಂಬ ಗಾಂಧಿನಗರದ ಹಳೆಯ ಲೆಕ್ಕ ಇಲ್ಲಿ ಅನ್ವಯಿಸಲಿಲ್ಲ. ದುರ್ಯೋಧನನ ಸಾವಿಗೆ ಸಿದ್ಧರಾಗಿಯೇ ಬಂದ ಪ್ರೇಕ್ಷಕರಿದ್ದರು.

ಕಿರುತೆರೆಯಲ್ಲಿ ದೂರದರ್ಶನದ ಬಿ.ಆರ್. ಛೋಪ್ರಾ ಅವರ ‘ಮಹಾಭಾರತ’ (1988ರ ಅಕ್ಟೋಬರ್‌ನಿಂದ 1990ರ ಜೂನ್‌ವರೆಗೆ) ಶರಶಯ್ಯೆಯ ಭೀಷ್ಮನ ದೇಹತ್ಯಾಗದೊಂದಿಗೆ ಮುಗಿದಿತ್ತು. ಮೂವತ್ತು ವರ್ಷಗಳ ನಂತರ, 2020ರ ಲಾಕ್‌ಡೌನ್ ಕಾಲದ ಮೇ ತಿಂಗಳಲ್ಲಿ, ಸ್ಟಾರ್ ಪ್ಲಸ್‌ನ 2013ರ ‘ಮಹಾಭಾರತ’ ಕನ್ನಡಕ್ಕೆ ಡಬ್ ಆಗಿ ಸ್ಟಾರ್ ಸುವರ್ಣದಲ್ಲಿ ಬಂತು. ಡಬ್ಬಿಂಗ್‌ಗೆ ದಶಕಗಳ ಕಾಲ ಅಘೋಷಿತ ತಡೆಯಿದ್ದ ಕನ್ನಡದಲ್ಲಿ ಅದು ದೊಡ್ಡ ತಿರುವು. ಡಬ್ಬಿಂಗ್ ಬೇಕೆ ಬೇಡವೆ ಎಂಬ ಜಗಳ ಏನೇ ಇರಲಿ, ಹಿಂದಿ ಅರಿಯದ ಅಜ್ಜಿಯರು ಟಿ.ವಿ.ಯಲ್ಲಿ ಭಾರತವನ್ನು ತಮ್ಮ ನುಡಿಯಲ್ಲೇ ಕೇಳುವಂತಾಯಿತು. ಊರುಗಳಲ್ಲಿ ನಾಟಕಗಳು ನಿಂತುಹೋಗಿದ್ದ ಬೇಸಿಗೆಯದು ಎಂಬುದನ್ನೂ ಮರೆಯುವಂತಿಲ್ಲ.

ಹತ್ತು ಗಂಟೆಯ ಗಡಿ

ಈಗ ‘ಕುರುಕ್ಷೇತ್ರ’ದ ಅಂತ್ಯಕ್ಕೆ ತೊಡಕಾಗಿರುವುದು ಅಭಿರುಚಿಯ ಬದಲಾವಣೆಗಿಂತ ಹೆಚ್ಚಾಗಿ ಗಡಿಯಾರ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಂತ್ರಣ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಸಾಂಸ್ಕೃತಿಕ ಅಥವಾ ಧಾರ್ಮಿಕ ಸಂದರ್ಭಗಳಲ್ಲಿ ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿ 12ರವರೆಗೆ ವಿನಾಯಿತಿ ಕೊಡುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ಸುಪ್ರೀಂ ಕೋರ್ಟ್ 2005ರಲ್ಲಿ ಈ ನಿಯಮಗಳನ್ನು ಎತ್ತಿಹಿಡಿಯಿತು. 2022ರ ಮೇ ತಿಂಗಳಲ್ಲಿ ಕರ್ನಾಟಕ ಸರ್ಕಾರ ಅವುಗಳ ಕಟ್ಟುನಿಟ್ಟಿನ ಪಾಲನೆಗೆ ಸುತ್ತೋಲೆ ಹೊರಡಿಸಿತು.

ನಿಯಮದ ಉದ್ದೇಶ ಸರಿಯಾದದ್ದೇ. ಪರೀಕ್ಷೆಗೆ ಓದುವ ಮಕ್ಕಳು, ಹಾಸಿಗೆ ಹಿಡಿದ ವೃದ್ಧರು ಹಳ್ಳಿಯಲ್ಲೂ ಇದ್ದಾರೆ. ಆದರೆ ‘ಕುರುಕ್ಷೇತ್ರ’ದ ಕಟ್ಟಡವೇ ಇಡೀ ರಾತ್ರಿಯ ಲೆಕ್ಕಕ್ಕೆ ನಿಂತದ್ದು. ಕೃಷ್ಣಸಂಧಾನ ನಡುರಾತ್ರಿಗೆ, ಅಭಿಮನ್ಯು ಉತ್ತರೆಯರ ಬೀಳ್ಕೊಡುಗೆ ಅದರ ನಂತರ, ಕರ್ಣಾವಸಾನ ಕೋಳಿ ಕೂಗುವ ಮುಂಚೆ, ಸರೋವರದ ದೃಶ್ಯ ಬೆಳಕು ಹರಿಯುವ ಹೊತ್ತಿಗೆ. ಅವಧಿ ಕಡಿತವಾದಾಗ ಕತ್ತರಿ ಬೀಳುವುದು ಬಹುತೇಕ ಕೊನೆಯ ದೃಶ್ಯಗಳಿಗೆ. ಮುಂಚಿನ ದೃಶ್ಯಗಳನ್ನು ಕಡಿಯುವುದು ಸುಲಭವಲ್ಲ. ಪ್ರತಿ ದೃಶ್ಯದಲ್ಲಿಯೂ ಹಣ ಕೊಟ್ಟ ಪಾತ್ರಧಾರಿಯೊಬ್ಬನಿರುತ್ತಾನೆ, ಅವನಿಗೆ ಹಾರ ಹಾಕಲು ಬಂದ ನೆಂಟರಿರುತ್ತಾರೆ. ಹಾರ ಹಾಕಿದ ನೆಂಟರು ತಮ್ಮವನ ದೃಶ್ಯ ಮುಗಿದೊಡನೆ ಎದ್ದು ಹೊರಡುವುದೂ ಉಂಟು. ಎರಡೂ ಸೇರಿ, ಇಡೀ ನಾಟಕ ಯಾವ ಘಳಿಗೆಗಾಗಿ ಕಟ್ಟಿಕೊಂಡಿತ್ತೋ ಆ ಘಳಿಗೆಗೆ ಪ್ರೇಕ್ಷಕರೂ ಸಮಯವೂ ಸಾಲದಂತಾಗುತ್ತದೆ. ಹೆಚ್ಚು ಬೆಲೆ ತೆತ್ತು ಕೊನೆಯ ದುರ್ಯೋಧನನ ಭಾಗ ಪಡೆದವನಿಗೆ ಇದರಿಂದ ಆಗುವ ನಷ್ಟ ಹಣದ್ದಷ್ಟೇ ಅಲ್ಲ. ತಿಂಗಳುಗಟ್ಟಲೆ ಸಂಜೆ ಕೆಲಸ ಬಿಟ್ಟು ಮೇಷ್ಟ್ರ ಹಾರ್ಮೋನಿಯಂ ಮುಂದೆ ಕೂತು ಕಲಿತ ಪದ್ಯವದು.

ಸಭಾಂಗಣದಂಥ ಮುಚ್ಚಿದ ಸ್ಥಳಗಳಿಗೆ ಈ ನಿರ್ಬಂಧ ಅನ್ವಯಿಸುವುದಿಲ್ಲ. ತುಮಕೂರು ನಗರದ ಡಾ. ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲಿ ಪೌರಾಣಿಕ ನಾಟಕಗಳು ಹಗಲು ಹೊತ್ತಿನಲ್ಲಿಯೇ ಆರಂಭವಾಗುವುದಿದೆ. ಹಳ್ಳಿಯ ತಂಡಗಳೂ ನಗರದ ನೌಕರರ ತಂಡಗಳೂ ಅಲ್ಲಿ ಬಂದು ಆಡುತ್ತವೆ. ನಿದ್ದೆಗೆಡಬೇಕಿಲ್ಲ, ಮಳೆಯ ಭಯವಿಲ್ಲ, ಗದಾಯುದ್ಧವನ್ನು ಕತ್ತರಿಸಬೇಕಿಲ್ಲ. ಬಾಡಿಗೆ ಮತ್ತು ಊರಿನಿಂದ ಜನರನ್ನು ಕರೆತರುವ ವಾಹನದ ಖರ್ಚು ಮಾತ್ರ ಪಾತ್ರಗಳ ಬೆಲೆಗೆ ಸೇರಿಕೊಳ್ಳುತ್ತದೆ. ಹಗಲಿನ ಪ್ರದರ್ಶನದಲ್ಲಿ ಮಂಗಳದ ಹೊತ್ತಿಗೂ ಕುರ್ಚಿಗಳಲ್ಲಿ ಜನರಿರುತ್ತಾರೆ. ಆರತಿ ಎತ್ತುವಾಗ ಸತ್ತ ಪಾತ್ರಗಳೂ ಒಂದೊಂದಾಗಿ ಪಕ್ಕದ ಪರದೆಯಿಂದ ಬಂದು ಸಾಲಾಗಿ ನಿಲ್ಲುವುದು ಕೆಲವು ತಂಡಗಳ ರೂಢಿ. ಕಿರೀಟ ಸರಿಮಾಡಿಕೊಳ್ಳುತ್ತ ದುರ್ಯೋಧನ ಬಂದಾಗ ಚಪ್ಪಾಳೆ ಮತ್ತೊಮ್ಮೆ ಏಳುತ್ತದೆ, ಪಟ್ಟವೇರಿದ ಧರ್ಮರಾಯ ಪಕ್ಕಕ್ಕೆ ಸರಿದು ಜಾಗ ಬಿಡುತ್ತಾನೆ.